ಇವಳಿಗೆ ಓದೋಕೆ ಬರಲ್ಲ, ಸಾರ್

ಟೀಚರಮ್ಮ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಒಂದು ಮದುವೆಮನೆಯ ಪಂಕ್ತಿಯಲ್ಲಿ. ದೊಡ್ಡಬಳ್ಳಾಪುರದ ಕಡೆಯ ಮದುವೆ. ಪಕ್ಕದ ಎಲೆಗೆ ಕೂತಿದ್ದ ಹೆಂಗಸು ಯಾವೂರು, ಯಾರ ಪೈಕಿ ಎಂದು ವಿಚಾರಿಸುತ್ತಾ ಬಂದಳು. ಹೊಸಕೋಟೆ ಪಕ್ಕದ ನಮ್ಮ ಹಳ್ಳಿಯ ಹೆಸರು ಹೇಳಿದೆ. ತನ್ನ ಸೋದರತ್ತೆ ಒಂದು ಕಾಲದಲ್ಲಿ ಅದೇ ಊರಿನ ಸ್ಕೂಲಿನಲ್ಲಿ ಟೀಚರಾಗಿದ್ದರು ಅಂದಳು. ಈಗ ಹೇಗಿದ್ದಾರೆ ಎಂದು ಕೇಳಿದೆ. ಹೋಗಿ ಆಗಲೇ ವರ್ಷದ ಮೇಲಾಯಿತಂತೆ. ಅಷ್ಟರಲ್ಲಿ ಬಡಿಸುವವನು ಪಾಯಸ ತಂದ. ಹಾಕಿಸಿಕೊಂಡೆ, ಕುಡಿದೆ, ಎದ್ದು ಕೈ ತೊಳೆದುಕೊಂಡೆ.

ಅಳು ಬರಲಿಲ್ಲ. ಮನೆಗೆ ಬಂದ ಮೇಲಾದರೂ ಬರಬಹುದು ಎಂದುಕೊಂಡೆ, ಆಗಲೂ ಇಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಎಂದು ತಿಳಿದಿರುತ್ತದೆ, ಮುಟ್ಟಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಹಾಗಿತ್ತು. ಅವರ ವಿಷಯದಲ್ಲಿ ನನಗೆ ಮೊದಲಿನಿಂದಲೂ ಹೀಗೇ. ಸಿಟ್ಟು ಬರಬೇಕಾದ ಕಡೆ ಸಿಟ್ಟು ಬಂದದ್ದು ತಡವಾಗಿ, ಪ್ರೀತಿ ಬಂದದ್ದು ಇನ್ನೂ ತಡವಾಗಿ. ಎರಡೂ ಬರುವ ಹೊತ್ತಿಗೆ ಅವರು ಎದುರಿಗಿರಲಿಲ್ಲ.

ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ, ಈಗ ನಾನು ಶುರು ಮಾಡುವುದು ಬೇಡ.

ನೋಡಲು ಅಂಥ ವಿಶೇಷದವರೇನಲ್ಲ. ಕುಳ್ಳಗೆ, ಕಪ್ಪಗೆ, ಬಿರಬಿರನೆ ನಡೆಯುವವರು. ಸದಾ ನೆಗಡಿಯಾದವರ ಹಾಗೆ ಕಟ್ಟಿದ ಗಂಟಲು. ಪದ್ಯ ಹೇಳಿಕೊಡಲು ಹೊರಟರೆ ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹೆಣ್ಣುಮಗಳು, ಮನೆಮಾತು ತೆಲುಗು. ಸಿಟ್ಟು ಬಂದರೆ ತೆಲುಗು, ಸಿಟ್ಟಿಳಿದರೆ ಕನ್ನಡ. ಗಂಡ ಬೆಂಗಳೂರಿನ ಯಾವುದೋ ಕಾರ್ಖಾನೆಯಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದರು. ಟೀಚರಮ್ಮ ನಮ್ಮೂರ ಶಾನುಭೋಗರ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದರು. ಸೆರಗಿನ ತುದಿಯಲ್ಲಿ ಹುರಿಗಡಲೆ ಕಟ್ಟಿಕೊಂಡು ಬಂದು, ಪಾಠ ಮಾಡುತ್ತಾ ಮಾಡುತ್ತಾ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಮಗೆ ಕೊಡುತ್ತಿರಲಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಅವರನ್ನು ದೇವರು ಮಾಡಿಬಿಡುತ್ತಾರೆ. ನಮ್ಮ ಟೀಚರಮ್ಮ ಹುರಿಗಡಲೆ ಕೊಡುತ್ತಿರಲಿಲ್ಲ.

ಹೊಗಳುವ ಅಭ್ಯಾಸವೂ ಇರಲಿಲ್ಲ. ಲೆಕ್ಕ ಸರಿಯಾಗಿದ್ದರೆ ‘ಹೂಂ, ಆಮೇಲೆ?’ ತಪ್ಪಾಗಿದ್ದರೂ ‘ಹೂಂ, ಆಮೇಲೆ?’ ಸರಿಯೋ ತಪ್ಪೋ ಎಂದು ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ಮುಖದಲ್ಲೂ ಏನೂ ಇರುತ್ತಿರಲಿಲ್ಲ. ಇದ್ದ ಒಂದು ಕುರ್ಚಿಯ ಮೇಲೆ ಹಾಜರಿ ಪುಸ್ತಕ ಇಟ್ಟು ತಾವು ನಮ್ಮ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಹಿಂದಿನ ಮೇಷ್ಟ್ರು ಬಿಟ್ಟುಹೋಗಿದ್ದ ಬೆತ್ತವನ್ನು ಗಾಳಿಗೆ ಬಡಿಯುತ್ತಿದ್ದ ಕಿಟಕಿಗೆ ಒತ್ತುಕೊಟ್ಟಿದ್ದರು. ಅವರಿದ್ದಷ್ಟು ವರ್ಷವೂ ಅದು ಅಲ್ಲೇ ಇತ್ತು.

ಅವರು ನಮ್ಮೂರಿಗೆ ಬಂದಾಗ ನಾನು ಮೂರನೇ ಕ್ಲಾಸು. ಅರವತ್ತರ ದಶಕದ ನಡುವಿನ ಮಾತು. ನಾಲ್ಕು ಕ್ಲಾಸಿಗೂ ಒಂದೇ ಕೋಣೆ, ಒಬ್ಬರೇ ಟೀಚರು. ಊರಿನಲ್ಲಿ ನಾನು ಬಲು ಚುರುಕು ಎಂದು ಹೆಸರಾಗಿತ್ತು. ಮಗ್ಗಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಹೇಳುತ್ತಿದ್ದೆ. ಒಂದು ಸಲ ಕೇಳಿದ ಪದ್ಯ ತಲೆಯಿಂದ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕೂತ ನಾಲ್ಕನೆಯವರ ಪಾಠವೂ ಕಿವಿಗೆ ಬಿದ್ದು ಬಿದ್ದು ನನ್ನದಾಗಿತ್ತು. ಓದು ಎಂದು ಎಬ್ಬಿಸಿದರೆ ಪುಸ್ತಕ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಇಡೀ ಪಾಠ ಗಡಗಡನೆ ಒಪ್ಪಿಸಿಬಿಡುತ್ತಿದ್ದೆ. ಮೋಸ ಮಾಡುತ್ತಿದ್ದೇನೆ ಎಂಬ ಯೋಚನೆಯೇ ಇರಲಿಲ್ಲ. ಎಲ್ಲರೂ ಓದುವುದು ಹೀಗೇ ಎಂದುಕೊಂಡಿದ್ದೆ. ಪುಸ್ತಕ ಹಿಡಿದುಕೊಳ್ಳುವುದು ಒಂದು ಮರ್ಯಾದೆ, ದೇವರ ಮುಂದೆ ಕೈ ಮುಗಿದ ಹಾಗೆ, ಅಷ್ಟೇ ಎಂದು ನನ್ನ ತಿಳಿವಳಿಕೆ.

ಪುಸ್ತಕದೊಳಗೆ ನೋಡಿದರೆ ಬರೀ ಗೋಜಲು. ಮ ಯಾವುದು, ಯ ಯಾವುದು, ವ ಯಾವುದು, ಪ ಯಾವುದು. ನಿನ್ನೆ ಗುರುತು ಸಿಕ್ಕ ಅಕ್ಷರ ಇವತ್ತು ಕಂಡರಿಯದ ಮುಖ. ಕೆಳಗೆ ಜೋತುಬಿದ್ದ ಒತ್ತಕ್ಷರ ಮೇಲಿನ ಯಾರಿಗೆ ಸೇರಿದ್ದು ಎಂದು ತಿಳಿಯುತ್ತಲೇ ಇರಲಿಲ್ಲ. ಬರೆಯಲು ಹೇಳಿದರೆ ಪಕ್ಕದವಳ ಸ್ಲೇಟು ನೋಡಿ, ಚಿತ್ರ ನೋಡಿ ಚಿತ್ರ ಬರೆದ ಹಾಗೆ ಬರೆಯುತ್ತಿದ್ದೆ. ಹಿಂದಿನ ಮೇಷ್ಟ್ರಿಗೆ ಇದು ಗೊತ್ತಾಗಲೇ ಇಲ್ಲ. ಬಾಯಿ ನಡೆಯುತ್ತಿದ್ದರೆ ಅವರಿಗೆ ಸಾಕಾಗಿತ್ತು.

ಟೀಚರಮ್ಮ ನೋಡಿದ್ದು ಬಾಯಿಯನ್ನಲ್ಲ, ಬೆರಳನ್ನು. ಒಂದು ದಿನ ನಾನು ಪಾಠ ಒಪ್ಪಿಸಿ ಪುಟ ಮುಗಿಸಿದಾಗ ನನ್ನ ಬೆರಳು ಇನ್ನೂ ಮೇಲಿನ ಸಾಲಿನಲ್ಲೇ ಇತ್ತು. ಅವರು ಬಂದು ಪಕ್ಕದಲ್ಲಿ ನಿಂತರು. ನನ್ನ ಬೆರಳನ್ನು ಹಿಡಿದು ಮೆಲ್ಲಗೆ ಕೊನೆಯ ಸಾಲಿಗೆ ಇಳಿಸಿದರು. ‘ಹೂಂ, ಆಮೇಲೆ?’ ಎಂದು ಪಕ್ಕದವಳನ್ನು ಎಬ್ಬಿಸಿದರು.

ಸ್ಕೂಲು ಬಿಟ್ಟ ಮೇಲೆ ನೀರಿನ ಕೊಡ ತೊಳೆಯುವ ನೆಪದಲ್ಲಿ ನನ್ನನ್ನು ಉಳಿಸಿಕೊಂಡರು. ಪುಸ್ತಕದ ನಡುವೆ ಎಲ್ಲೋ ಒಂದು ಪದ ತೋರಿಸಿದರು. ನಾನು ಸುಮ್ಮನೆ ನಿಂತೆ. ಇನ್ನೊಂದು ತೋರಿಸಿದರು. ಆಮೇಲೆ ಬರೀ ಒಂದು ಅಕ್ಷರ. ಗದರಲಿಲ್ಲ.

‘ಇದು ಯಾರಿಗಾದ್ರೂ ಗೊತ್ತಾ?’ ಎಂದರು.

‘ಯಾವ್ದು ಟೀಚರ್?’

‘ನಿಂಗೆ ಓದೋಕೆ ಬರಲ್ಲ ಅನ್ನೋದು.’

ನನಗೇ ಗೊತ್ತಿರಲಿಲ್ಲ, ಇನ್ನು ಯಾರಿಗೆ ಗೊತ್ತಿರಬೇಕು.

ಮರುದಿನದಿಂದ ಕ್ಲಾಸಿನಲ್ಲಿ ಒಂದು ಹೊಸ ಆಟ ಶುರುವಾಯಿತು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಕೂತು, ಮುಂದಿನವರ ಬೆನ್ನ ಮೇಲೆ ಬೆರಳಿನಿಂದ ಒಂದು ಅಕ್ಷರ ಬರೆಯಬೇಕು. ಅವರು ಹಿಂದಿರುಗಿ ನೋಡದೆ ಯಾವ ಅಕ್ಷರ ಎಂದು ಹೇಳಬೇಕು. ಹುಡುಗರಿಗೆ ಕಚಗುಳಿ, ಗಲಾಟೆ, ಖುಷಿ. ಟೀಚರಮ್ಮ ಸಾಲಿನುದ್ದಕ್ಕೂ ಓಡಾಡುತ್ತಾ ನನ್ನ ಹಿಂದೆ ಬಂದಾಗ ಮಾತ್ರ ಕೂತುಬಿಡುತ್ತಿದ್ದರು. ಸೀಮೆಸುಣ್ಣದಿಂದ ಒರಟಾದ ಬೆರಳು. ಬಹಳ ನಿಧಾನವಾಗಿ, ದೊಡ್ಡದಾಗಿ ಬರೆಯುತ್ತಿದ್ದರು. ಪುಸ್ತಕದಲ್ಲಿ ಓಡಿಹೋಗುತ್ತಿದ್ದ ಅಕ್ಷರ ಬೆನ್ನ ಮೇಲೆ ಓಡುತ್ತಿರಲಿಲ್ಲ. ಈ ಆಟ ನನ್ನೊಬ್ಬಳಿಗಾಗಿ ಎಂದು ಕ್ಲಾಸಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಇದು ಹೀಗೆ ನಡೆದುಕೊಂಡು ಹೋಗಿದ್ದರೆ ನನಗೆ ಅವರ ಮೇಲೆ ಸಿಟ್ಟು ಬರುವ ಪ್ರಮೇಯವೇ ಇರುತ್ತಿರಲಿಲ್ಲ. ನಡುವೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು.

ಆ ಕಾಲದಲ್ಲಿ ಸ್ಕೂಲಿಗೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಊರಿಗೇ ಬಂದ ಹಾಗೆ. ಬಾಗಿಲಿಗೆ ಮಾವಿನೆಲೆ, ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲೆ, ಕುಡಿಯಲು ಎಳನೀರು. ಊರಿನ ನಾಲ್ಕು ಜನ ದೊಡ್ಡವರು ಗೋಡೆಯುದ್ದಕ್ಕೂ ಬೆಂಚಿನ ಮೇಲೆ ಕೂತಿದ್ದರು. ಅವರಲ್ಲಿ ನಮ್ಮಪ್ಪನೂ ಒಬ್ಬ. ಅಪ್ಪ ತಾನು ಓದಿದ್ದು ನಾಲ್ಕನೇ ಕ್ಲಾಸು. ಹೊಸಕೋಟೆಗೆ ಹೋಗಿ ಮುಂದೆ ಓದುವ ಆಸೆ ಇದ್ದರೂ ತಾತ ಬಿಡದೆ ಹೊಲಕ್ಕೆ ಹಚ್ಚಿದ್ದ. ಆ ವಿಷಯ ಬಂದರೆ ಅಪ್ಪ ಆಗಲೂ ಎದ್ದು ಹೋಗುತ್ತಿದ್ದ.

ಸಾಹೇಬರು ಬಾಯಿಲೆಕ್ಕ ಕೇಳಿದರು, ಹೇಳಿದೆ. ಮಗ್ಗಿ ಕೇಳಿದರು, ಹೇಳಿದೆ. ನಾಲ್ಕನೆಯವರಿಗೆ ಕೇಳಿದ ಪ್ರಶ್ನೆಗೆ ಅವರಲ್ಲಿ ಯಾರೂ ಬಾಯಿ ಬಿಡದಿದ್ದಾಗ ಅದನ್ನೂ ಹೇಳಿದೆ. ಎಲ್ಲಿ, ಓದಮ್ಮ ಎಂದರು. ಪುಸ್ತಕ ಬಿಡಿಸಿ, ಬೆರಳಿಟ್ಟು, ಓದಿದೆ. ಅಂದರೆ ಒಪ್ಪಿಸಿದೆ. ಸಾಹೇಬರಿಗೆ ಬಹಳ ಸಂತೋಷವಾಯಿತು. ಇವಳ ತಂದೆ ಯಾರು ಎಂದು ಕೇಳಿ, ಅಪ್ಪನನ್ನು ಹತ್ತಿರ ಕರೆದರು. ಈ ಹುಡುಗಿಯನ್ನು ಇಲ್ಲಿ ಕೊಳೆಹಾಕಬಾರದು, ಡಬಲ್ ಪ್ರಮೋಷನ್ ಕೊಡೋಣ, ಬರುವ ವರ್ಷ ನಾಲ್ಕನೆಯದು ಬೇಡವೇ ಬೇಡ, ನೇರ ಹೊಸಕೋಟೆಗೆ ಕಳಿಸಿ, ಐದಕ್ಕೆ ಸೇರಿಸಿಕೊಳ್ಳಲು ನಾನೇ ಬರೆದುಕೊಡುತ್ತೇನೆ ಎಂದರು. ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಸಾಹೇಬರು ಬರೆಯಲು ಪೆನ್ನು ತೆಗೆದರು. ಟೀಚರಮ್ಮ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದವರು ಮುಂದೆ ಬಂದರು.

‘ಬೇಡ ಸಾರ್,’ ಎಂದರು. ‘ಇವಳಿಗೆ ಓದೋಕೆ ಬರಲ್ಲ, ಸಾರ್.’

ಸಾಹೇಬರು ನಕ್ಕರು. ಈಗ ತಾನೇ ಓದಿದಳಲ್ಲ ಎಂದರು. ಟೀಚರಮ್ಮ ಬೋರ್ಡಿನ ಹತ್ತಿರ ಹೋಗಿ ಒಂದು ಸಾಲು ಬರೆದರು. ಯಾವ ಪುಸ್ತಕದಲ್ಲೂ ಇರದ ಸಾಲು. ನನ್ನ ಕಡೆ ತಿರುಗಿದರು, ಓದು ಎಂದು ಕೂಡ ಹೇಳಲಿಲ್ಲ. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಆ ಸಾಲಿನಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು, ಓದಲು ಬರುತ್ತಿರಲಿಲ್ಲವಲ್ಲ.

ಅವಮಾನವಾಯಿತೇ ಎಂದರೆ, ಏನೂ ಆಗಲಿಲ್ಲ. ಕಿವಿ ಗುಂಯ್ ಎನ್ನುತ್ತಿತ್ತು. ಪುಸ್ತಕ ಮುಚ್ಚಿ ನನ್ನ ಜಾಗಕ್ಕೆ ಹೋಗಿ ಕೂತೆ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಇದನ್ನು ಮೊದಲೇ ಹೇಳಬಾರದಾಗಿತ್ತೇ ಎಂದು ಟೀಚರಮ್ಮನ ಮೇಲೆ ರೇಗಿದರು. ತಮ್ಮನ್ನು ಊರ ಮುಂದೆ ಪೆದ್ದರನ್ನಾಗಿ ಮಾಡಿದರು ಎಂದು ಅವರಿಗೆ ಸಿಟ್ಟು. ಅಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಮಾರನೆಯ ದಿನದಿಂದ ನನಗೆ ಸ್ಕೂಲಿಲ್ಲ. ಅಪ್ಪ ಬಾಯಿ ಬಿಟ್ಟು ಹೇಳಿದ್ದು ಒಂದೇ ಮಾತು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡು ಮನೇಲಿರಲಿ ಎಂದು. ಊರಿನಲ್ಲಿ ಎರಡು ಮಾತು ಓಡಾಡಿದವು. ಒಂದು, ಟೀಚರಮ್ಮನಿಗೆ ಮಕ್ಕಳಿಲ್ಲ, ಹೊಟ್ಟೆಕಿಚ್ಚು. ಎರಡು, ಆ ಹುಡುಗಿ ನೋಡಲು ಚುರುಕು, ಒಳಗೆ ಪೊಳ್ಳು. ನನಗೆ ಎರಡನೆಯದು ನಿಜ ಎನ್ನಿಸಿತು. ಸೊಪ್ಪು ಹೆಚ್ಚುತ್ತಾ, ಹುಳದ ತಟ್ಟೆ ಬಳಿಯುತ್ತಾ, ನಾನು ಪೊಳ್ಳು ಎಂದುಕೊಂಡೇ ಆ ದಿನಗಳನ್ನು ಕಳೆದೆ. ಬೇಜಾರು ಕೂಡ ಇರಲಿಲ್ಲ. ಹುಳು ತಿನ್ನುವ ಸದ್ದು ಕೇಳಿಸಿಕೊಂಡು ಕೂತಿರುತ್ತಿದ್ದೆ.

ಅವ್ವ ಸುಮ್ಮನಿರಲಿಲ್ಲ. ಬೆಳಗಾಗೆದ್ದು, ಬುದ್ಧಿಗೆ ಒಳ್ಳೆಯದೆಂದು ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿದಳು. ಖಾರವೋ ಕಹಿಯೋ ತಿಳಿಯದ ರುಚಿ, ಮಧ್ಯಾಹ್ನದವರೆಗೆ ಬಾಯಲ್ಲೇ ಇರುತ್ತಿತ್ತು. ಆಮೇಲೆ ಅವಳಿಗೆ ಹೊಳೆಯಿತು: ಸ್ಕೂಲಿಗೆ ಹಾಕುವಾಗ ಈ ಮಗಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವ ಶಾಸ್ತ್ರವನ್ನೇ ಮಾಡಿಸಿಲ್ಲ. ನಮ್ಮ ಒಕ್ಕಲು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಮಾಡಿಸುತ್ತಿದ್ದುದು ಕಡಿಮೆ. ಅದಕ್ಕೇ ಹೀಗಾಗಿದೆ ಎಂದು ಅವ್ವ ಹಟ ಹಿಡಿದಳು. ಒಂದು ಸೋಮವಾರ ಅಪ್ಪ ಅವ್ವ ಇಬ್ಬರೂ ನನ್ನನ್ನು ಹೊಸಕೋಟೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕೂತಿದ್ದವೆಲ್ಲ ಮೂರು ನಾಲ್ಕು ವರ್ಷದ, ಮೂಗು ಸುರಿಸುವ ಮಕ್ಕಳು, ತಂದೆಯ ತೊಡೆಯ ಮೇಲೆ. ನಡುವೆ ಎಂಟು ದಾಟಿದ ನಾನು. ತೊಡೆಯ ಮೇಲೆ ಹಿಡಿಸುವ ಹಾಗಿಲ್ಲವಾದ್ದರಿಂದ ಅಪ್ಪ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದು ಅಕ್ಕಿಯ ಮೇಲೆ ಬರೆಸಿದ. ಪೂಜಾರಪ್ಪ ನಗು ತಡೆದುಕೊಂಡೇ ಮಂತ್ರ ಹೇಳಿದರು. ಅಪ್ಪನ ಕೈ ಬೆವೆತಿತ್ತು.

ಈ ಸುದ್ದಿ ಟೀಚರಮ್ಮನಿಗೆ ಹೇಗೋ ತಲುಪಿತು. ಆ ವಾರದಲ್ಲೇ ಒಂದು ಸಂಜೆ ನಮ್ಮ ಮನೆಗೆ ಬಂದರು. ಅಪ್ಪ ಜಗಲಿಯ ಮೇಲೆ ಕೂತಿದ್ದ, ಒಳಗೆ ಬನ್ನಿ ಎನ್ನಲಿಲ್ಲ. ನಾನು ಬಾಗಿಲ ಹಿಂದಿದ್ದೆ.

‘ಊರ ಮುಂದೆ ಮಗಳ ಮಾನ ಕಳದ್ರಿ,’ ಎಂದ ಅಪ್ಪ. ‘ಇನ್ನೇನ್ ಉಳ್ದೈತೆ ಅಂತ ಬಂದ್ರಿ ಟೀಚರಮ್ಮ?’

ಟೀಚರಮ್ಮ ಜಗಲಿಯ ಅಂಚಿನಲ್ಲಿ ತಾವಾಗಿಯೇ ಕೂತರು. ಕ್ಷಮಿಸಿ ಎಂದು ಕೇಳಲಿಲ್ಲ. ಬೇರೇನೋ ಹೇಳಲು ಶುರು ಮಾಡಿದರು.

‘ನಮ್ಮಣ್ಣಂಗೂ ಹಿಂಗೇ ಇತ್ತು ಗೌಡ್ರೇ. ಸೀರೆ ಅಂಚು ಒಂದ್ಸಲ ನೋಡಿದ್ರೆ ಸಾಕು, ಮಗ್ಗದ ಮೇಲೆ ಇಳಿಸ್ಬಿಡೋನು. ಅಕ್ಷರ ಮಾತ್ರ ಹತ್ಲಿಲ್ಲ. ಮೇಷ್ಟ್ರು ಹೊಡೆದ ಏಟಿಗೆ ಒಂದು ಕಿವಿ ಹೋಯ್ತು. ದಡ್ಡ ದಡ್ಡ ಅಂತ ಎಲ್ರೂ ಅಂದ್ರು, ಕೊನೇಗೆ ಅವನೂ ಅದನ್ನೇ ನಂಬ್ಬಿಟ್ಟ. ಈಗ ಪಕ್ಕದಲ್ಲಿ ಯಾರಾದ್ರೂ ಪೇಪರ್ ಬಿಡಿಸಿದ್ರೆ ಎದ್ದು ಹೋಗ್ತಾನೆ.’ ಆಮೇಲೆ ಹೇಳಿದರು: ‘ನಿಮ್ಮ ಮಗಳು ದಡ್ಡಿ ಅಲ್ಲ. ಆದ್ರೆ ಐದ್ನೇ ಕ್ಲಾಸಿಗೆ ಹೋಗಿದ್ರೆ, ದಡ್ಡಿ ಅನ್ನಿಸ್ಕೊಂಡು ವಾಪಸ್ ಬರೋಳು.’

ಅಪ್ಪ ಎದ್ದು ಹೋಗುವವನ ಹಾಗೆ ಅಲುಗಾಡಿ, ಮತ್ತೆ ಕೂತ. ಅಕ್ಕಿ ಮೇಲೆ ಬರೆಸಿಕೊಂಡು ಬಂದಿದ್ದೀವಿ, ಇನ್ನು ದೇವರಿಟ್ಟಂತೆ ಆಗಲಿ ಎಂದ.

‘ಎಷ್ಟು ದಿನ ಬರೆಸಿದ್ರಿ?’ ಎಂದು ಟೀಚರಮ್ಮ ಕೇಳಿದರು.

‘ಎಷ್ಟು ದಿನ ಅಂದ್ರೆ? ಅದು ಒಂದೇ ದಿನ.’

‘ಒಂದಿನಕ್ಕೆ ಆಗಲ್ಲ ಗೌಡ್ರೇ. ವಯಸ್ಸು ಮೀರಿ ಮಾಡ್ಸಿದ್ರೆ ದಿನಾ ಬರೆಸ್ಬೇಕು. ಅಕ್ಕಿ ಯಾಕೆ, ರಾಗಿ ಸಾಕು. ನಾನೇ ಬಂದು ಬರೆಸ್ತೀನಿ.’

ಇಂಥ ಶಾಸ್ತ್ರ ಎಲ್ಲಿಯೂ ಇಲ್ಲ. ಅವರಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತೆಂದು ನನಗೆ ಅನಿಸುತ್ತದೆ. ಆದರೆ ಸೋತೆ ಎನ್ನದೆ ಮಗಳ ಕೈಗೆ ಮತ್ತೆ ಅಕ್ಷರ ಕೊಡುವುದಕ್ಕೆ ಅಪ್ಪನಿಗೆ ಒಂದು ದಾರಿ ಬೇಕಿತ್ತು. ಅವ್ವನನ್ನು ಕೂಗಿ, ಮೊರದಲ್ಲಿ ಒಂದಿಷ್ಟು ರಾಗಿ ತಾ ಎಂದ.

ಹಾಗೆ ಶುರುವಾಯಿತು. ದಿನಾ ಸಂಜೆ, ದನ ಬರುವ ಹೊತ್ತಿಗೆ, ನಮ್ಮ ಜಗಲಿಯ ಮೇಲೆ ಮೊರದ ತುಂಬ ರಾಗಿ. ಅಂಗೈ ಅಗಲದ ಅಕ್ಷರ ಬರೆಯಬೇಕು, ಬರೆಯುವಾಗ ಬಾಯಲ್ಲಿ ಹೇಳಬೇಕು, ಬರೆದ ಮೇಲೆ ಕಣ್ಣು ಮುಚ್ಚಿ ಮತ್ತೆ ಅದೇ ಜಾಡಿನಲ್ಲಿ ಬೆರಳು ಓಡಿಸಬೇಕು. ಒಂದೊಂದು ಅಕ್ಷರಕ್ಕೆ ಎಷ್ಟೋ ದಿನ. ಮುಂದಿನದಕ್ಕೆ ಹೋಗೋಣ ಎಂದು ಅವರು ಅನ್ನುತ್ತಲೇ ಇರಲಿಲ್ಲ. ರಾಗಿ ಚೆಲ್ಲಿ ಚೆಲ್ಲಿ ನಮ್ಮ ಕೋಳಿಗಳಿಗೆ ಒಳ್ಳೆಯ ಕಾಲ ಬಂತು. ಅಕ್ಷರಗಳು ಒಂದೊಂದಾಗಿ ಕೂತ ಮೇಲೆ ಬೆನ್ನ ಮೇಲೆ ಬರೀ ಅಕ್ಷರ ಹೋಗಿ ಇಡೀ ಪದ ಬರೆಯತೊಡಗಿದರು. ಒಂದು ದಿನ ತಾವೇ ತಿರುಗಿ ಕೂತು, ಈಗ ನೀನು ನನ್ನ ಬೆನ್ನ ಮೇಲೆ ಬರೆ, ನಾನು ಓದ್ತೀನಿ ಎಂದರು. ಟೀಚರ ಬೆನ್ನು ಮುಟ್ಟುವುದುಂಟೇ ಎಂದು ಅವ್ವ ಒಳಗಿನಿಂದಲೇ ಗದರಿದಳು. ಟೀಚರಮ್ಮ ತಿರುಗಲಿಲ್ಲ, ಕಾಯುತ್ತಾ ಕೂತರು. ಬೆವರಿಗೆ ಒದ್ದೆಯಾದ ರವಿಕೆಯ ಮೇಲೆ ನಾನು ನಮ್ಮ ಊರಿನ ಹೆಸರು ಬರೆದೆ. ತಪ್ಪು ಬರೆದ ಕಡೆ ಅವರು ತಪ್ಪಾಗಿಯೇ ಓದಿದರು. ಅಳಿಸಿ ಮತ್ತೆ ಬರೆದೆ.

ಇಷ್ಟೆಲ್ಲ ಮಾಡಿದರೂ ನಾನು ಅವರ ಜೊತೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಮುಂದಿನ ವರ್ಷ ಅಪ್ಪ ಸ್ಕೂಲಿಗೆ ಕಳಿಸಿದಾಗ ಮತ್ತೆ ಮೂರನೇ ಕ್ಲಾಸಿಗೇ ಹೋಗಿ ಕೂತೆ. ಜೊತೆಯವರೆಲ್ಲ ಮುಂದೆ ಹೋದರು. ದಾರಿಯಲ್ಲಿ ಟೀಚರಮ್ಮ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದೆ. ಅವರು ಅದನ್ನು ಕಂಡೂ ಕಾಣದ ಹಾಗಿದ್ದರು. ಒಂದೇ ಒಂದು ಸಲ, ರಾಗಿಯ ಮೊರದ ಮುಂದೆ, ಸಿಟ್ಟಿದ್ರೆ ಇಟ್ಕೋ, ಅಕ್ಷರಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದರು. ಅದು ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಅವರನ್ನು ಕಂಡಾಗ ನನ್ನೊಳಗೆ ಏನೂ ಅಲುಗಾಡುತ್ತಲೇ ಇರಲಿಲ್ಲ.

ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಮೊಮ್ಮಗನ ಸ್ಕೂಲಿನಲ್ಲಿ. ಅವನೂ ಓದುವಾಗ ತಡವರಿಸುತ್ತಾನೆ ಎಂದು ನಮ್ಮನ್ನು ಕರೆಸಿದ್ದರು. ಒಬ್ಬರು ಡಾಕ್ಟರಮ್ಮ ಬಂದು ವಿವರಿಸಿದರು: ಇದು ದಡ್ಡತನವಲ್ಲ, ಸೋಮಾರಿತನವಲ್ಲ, ಕಣ್ಣಿನ ದೋಷವಲ್ಲ, ಮನೆತನದಲ್ಲಿ ಬರುವುದುಂಟು, ಹೊಡೆಯಬೇಡಿ, ನೋಡಿ ಕೇಳಿ ಮುಟ್ಟಿ ಕಲಿಯಲು ಬಿಡಿ. ಆಮೇಲೆ ಒಂದು ತಟ್ಟೆಯಲ್ಲಿ ಮರಳು ಹರಡಿ ತೋರಿಸಿದರು. ನನ್ನ ಮಗಳು ಹೊಸ ವಿದ್ಯೆ ಕಂಡ ಹಾಗೆ ಬರೆದುಕೊಳ್ಳುತ್ತಿದ್ದಳು. ನಾನು ಎಲ್ಲಿಂದ ಶುರು ಮಾಡಿ ಹೇಳಲಿ? ನಾನು ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸಾದವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಯ ಮೇಲೆ ಬದುಕಿದವಳು. ಈಗಲೂ ಪೇಪರು ಓದಲು ಅರ್ಧ ದಿನ ಹಿಡಿಯುತ್ತದೆ. ಆದರೆ ಓದುತ್ತೇನೆ.

ಟೀಚರಮ್ಮನಿಗೆ ವರ್ಗವಾದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಇನ್‌ಸ್ಪೆಕ್ಟರನ್ನು ಎದುರು ಹಾಕಿಕೊಂಡರಲ್ಲ, ಅದಕ್ಕೇ ದೂರ ಎತ್ತಿಹಾಕಿದರು ಎಂದು ಕೆಲವರು ಅಂದರು. ನನಗೆ ಗೊತ್ತಿಲ್ಲ. ದೇವನಹಳ್ಳಿ ದಾಟಿ ಆವತಿಯ ಹತ್ತಿರ ಯಾವುದೋ ಹಳ್ಳಿ. ಮಧ್ಯಾಹ್ನದೊಳಗೆ ಹೋಗಿ ಹಾಜರಾಗಬೇಕು, ತಡವಾದರೆ ಅಲ್ಲಿನ ಹೆಡ್ ಮಾಸ್ಟರು ಆ ದಿನ ಸೇರಿಸಿಕೊಳ್ಳುವುದಿಲ್ಲ, ಮೇಲಿನವರಿಗೆ ಇನ್ನೊಂದು ನೆಪ ಸಿಗುತ್ತದೆ ಎಂದು ಅಪ್ಪನ ಹತ್ತಿರ ಹೇಳಿಕೊಂಡಿದ್ದರು. ಅಪ್ಪ ಗಾಡಿ ಕಟ್ಟಿ, ಅವರ ಟ್ರಂಕನ್ನೂ ಅವರನ್ನೂ ನನ್ನನ್ನೂ ಕೂರಿಸಿಕೊಂಡು ಹೊಸಕೋಟೆ ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟ. ಅವರನ್ನು ಬಸ್ಸು ಹತ್ತಿಸು ಎಂದು ನನಗೆ ಹೇಳಿ ತಾನು ಹಿಂಡಿ ತರಲು ಪೇಟೆಗೆ ಹೋದ.

ಟೀಚರಮ್ಮ ಟ್ರಂಕಿನ ಮೇಲೆ ಕೂತರು.

‘ದೇವನಹಳ್ಳಿ ಬಸ್ಸು ಬಂದ್ರೆ ಹೇಳು,’ ಎಂದರು. ‘ಕಂಡಕ್ಟರ್ ಕೂಗೋದು ಕೇಳಿ ಹೇಳ್ಬೇಡ. ಕಿವಿ ಮುಚ್ಕೋ.’

ನಾನು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ನಿಂತೆ. ಬಸ್‌ಸ್ಟ್ಯಾಂಡಿನಲ್ಲಿ ಬಾಯಿಗಳೆಲ್ಲ ಆಡುತ್ತಿದ್ದವು, ಸದ್ದಿರಲಿಲ್ಲ. ಹೋಗಿ ಬರುವವರು ಈ ಹುಡುಗಿಗೆ ಏನಾಗಿದೆ ಎಂದು ನೋಡಿಕೊಂಡು ಹೋದರು. ಒಂದು ಬಸ್ಸು ಬಂತು. ಕೋ, ಲಾ, ರ. ಅಲ್ಲ. ಇನ್ನೊಂದು ಬಂತು. ಮಾಲೂರು. ಅಲ್ಲ. ಆಮೇಲೆ ಬಂದದ್ದರ ಬೋರ್ಡು ಉದ್ದವಿತ್ತು, ಧೂಳು ಹಿಡಿದಿತ್ತು. ಮೊದಲಿನ ಅಕ್ಷರ ಸಿಕ್ಕಿತು, ಎರಡನೆಯದು ಸಿಕ್ಕಿತು, ಆಮೇಲೆ ಎಲ್ಲವೂ ಕಲಸಿಕೊಂಡಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಜನ ಇಳಿದರು, ಜನ ಹತ್ತಿದರು. ಕೆಳಗಿನ ಒತ್ತಕ್ಷರಕ್ಕೆ ನಾನು ತಲುಪುವ ಹೊತ್ತಿಗೆ ಬಸ್ಸು ಹೊರಟಿತು. ಅದು ತಿರುಗಿ ಹೋಗುವಾಗ ಹಿಂದಿನ ಬೋರ್ಡಿನಲ್ಲಿ ಉಳಿದದ್ದನ್ನು ಓದಿ ಮುಗಿಸಿದೆ. ಕಿವಿಯಿಂದ ಕೈ ತೆಗೆದೆ.

‘ಟೀಚರ್, ಅದೇ ದೇವನಹಳ್ಳಿ.’

‘ಹೌದು,’ ಎಂದರು.

ಅವರಿಗೆ ಗೊತ್ತಿತ್ತು. ಅವರ ಕಿವಿ ಮುಚ್ಚಿರಲಿಲ್ಲ. ಕಂಡಕ್ಟರು ಅಷ್ಟು ಹೊತ್ತೂ ಅದೇ ಹೆಸರು ಕೂಗಿರಬೇಕು. ಕೈ ಅಡ್ಡ ಹಿಡಿದಿದ್ದರೆ ಬಸ್ಸು ನಿಲ್ಲುತ್ತಿತ್ತು. ಅವರು ಹಿಡಿಯಲಿಲ್ಲ. ನಾನು ಓದಿ ಮುಗಿಸುವವರೆಗೆ ಟ್ರಂಕಿನ ಮೇಲೆ ಕೂತೇ ಇದ್ದರು. ಇನ್ನು ಮಧ್ಯಾಹ್ನದೊಳಗೆ ಅವರು ಆ ಊರು ಮುಟ್ಟುವ ಹಾಗಿರಲಿಲ್ಲ. ಇನ್ನೊಂದು ಬರುತ್ತೆ ಬಿಡು ಎಂದರು.

ಬಿಸಿಲೇರಿತು. ನಾನು, ಅವತ್ತು ಸಾಹೇಬರ ಮುಂದೆ ಯಾಕೆ ಹಾಗಂದ್ರಿ ಎಂದು ಕೇಳಿದೆ. ಅಷ್ಟು ದಿನ ಕೇಳದಿದ್ದದ್ದು ಅವತ್ತು ಹೇಗೆ ಬಾಯಿಗೆ ಬಂತೋ ತಿಳಿಯದು. ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು.

‘ಬೇರೆ ದಾರಿ ಹೊಳೀಲಿಲ್ಲ ಕಣಮ್ಮ,’ ಎಂದರು. ‘ಈಗ್ಲೂ ಹೊಳೆದಿಲ್ಲ.’

ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರಿಗೋ ಏನೋ. ನನಗೆ ಅಳು ಬರಲಿಲ್ಲ. ದೂರದಲ್ಲಿ ಒಂದು ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಅವರು ಏನೂ ಹೇಳದೆಯೇ ನಾನು ಎದ್ದು ಕಿವಿ ಮುಚ್ಚಿಕೊಂಡೆ.

ಈ ಸಲ ಅಕ್ಷರಗಳು ನಿಂತವು. ಬಸ್ಸು ಇನ್ನೂ ನಿಲ್ಲುವ ಮೊದಲೇ ಬೋರ್ಡು ಪೂರ್ತಿ ಓದಿದ್ದೆ. ಓದಿ ಸುಮ್ಮನೆ ನಿಂತೆ. ಚಿಂತಾಮಣಿ ಅಂದುಬಿಡೋಣ ಅನ್ನಿಸಿತು. ಅಂದಿದ್ದರೆ ಅವರು ಈ ಬಸ್ಸನ್ನೂ ಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಆಮೇಲಿನದನ್ನೂ ಬಿಡುತ್ತಿದ್ದರು. ನಾನು ಸರಿಯಾಗಿ ಓದುವವರೆಗೂ ಆ ಟ್ರಂಕಿನ ಮೇಲೆ ಕೂತಿರುತ್ತಿದ್ದರು.

‘ದೇವನಹಳ್ಳಿ,’ ಅಂದೆ.

ಟೀಚರಮ್ಮ ತಲೆ ಎತ್ತಿ ಬೋರ್ಡು ನೋಡಲಿಲ್ಲ. ಕಂಡಕ್ಟರನ್ನೂ ಕೇಳಲಿಲ್ಲ. ಟ್ರಂಕು ಎತ್ತಿಕೊಂಡು ಹೋಗಿ ಬಸ್ಸು ಹತ್ತಿದರು.